ಹುಬ್ಬಳ್ಳಿಯೋ ಧಾರವಾಡವೋ: ಮನೆ ಕಟ್ಟುವುದೆಲ್ಲಿ?

ಗದಗ, ಹಾವೇರಿ, ಬಾಗಲಕೋಟೆ ಕಡೆಯ ನೌಕರರ ಮನೆಗಳಲ್ಲಿ ನಿವೃತ್ತಿಗೆ ಒಂದೆರಡು ವರ್ಷ ಬಾಕಿ ಇರುವಾಗ ಒಂದು ಚರ್ಚೆ ಶುರುವಾಗುತ್ತದೆ. ಕೈಗೆ ಬರುವ ಇಡುಗಂಟಿನ ಲೆಕ್ಕ ಮುಗಿದಿರುತ್ತದೆ. "ಧಾರವಾಡದಾಗ ಒಂದು ಪ್ಲಾಟ್ ನೋಡೋಣ, ತಣ್ಣಗ ಇದ್ದು ಬಿಡೋದು" ಎನ್ನುತ್ತಾರೆ ಯಜಮಾನರು. "ಧಾರವಾಡದಾಗ ಏನದ ರೀ? ರಾತ್ರಿ ಎಂಟಕ್ಕ ಊರಿಗೆ ಊರ ಮಲಕೊಂಡಿರತದ. ಹುಬ್ಬಳ್ಳ್ಯಾಗ ಮಾಡ್ರಿ, ಬೇಕಾದ್ದು ಕೈಗೆ ಸಿಗತದ" ಎನ್ನುವುದು ಮನೆಯಾಕೆಯ ವಾದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಫೋನಿನಲ್ಲಿ ಮೂರನೆಯ ಮಾತು ಸೇರಿಸುತ್ತಾಳೆ: "ಎರಡೂ ಒಂದ ಊರು ಅಲ್ಲೇನಪ್ಪಾ?"

ಒಂದೇ ಅಲ್ಲ. ಎರಡು ಎಂದು ಖಡಾಖಂಡಿತವಾಗಿ ಹೇಳುವುದೂ ಕಷ್ಟ. ನಡುವೆ ಇರುವುದು ಇಪ್ಪತ್ತೇ ಕಿಲೋಮೀಟರ್. 1962ರಲ್ಲಿ ಎರಡನ್ನೂ ಒಂದು ಮಹಾನಗರ ಪಾಲಿಕೆಯ ಸೂರಿನಡಿ ತಂದರು. 2011ರ ಜನಗಣತಿಯಂತೆ ಎರಡೂ ಸೇರಿ 9,43,788 ಜನ. ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಇದೇ ದೊಡ್ಡ ಪಾಲಿಕೆ ಎನಿಸಿತು. ‘ಅವಳಿ ನಗರ’ ಎಂದು ಪತ್ರಿಕೆಗಳು ಬರೆದೂ ಬರೆದೂ ಆ ಹೆಸರು ಗಟ್ಟಿಯಾಗಿದೆ. ಆದರೆ ಅವಳಿ ಎಂದರೆ ಒಟ್ಟಿಗೆ ಹುಟ್ಟಿರಬೇಕು, ಮುಖಚಹರೆ ಹೋಲಬೇಕು. ಇಲ್ಲಿ ಎರಡೂ ಇಲ್ಲ. ಗಂಡ-ಹೆಂಡತಿ ಎಂದರೆ ಹೆಚ್ಚು ಸರಿಯಾದೀತು. ದಿನಾ ಜಗಳ, ಬಿಟ್ಟಿರಲೂ ಆಗದು. ಅರವತ್ತು ದಾಟಿದ ಈ ಸಂಸಾರದಲ್ಲಿ ಧಾರವಾಡಕ್ಕೆ ಬೇರೆ ಮನೆ ಮಾಡಿಕೊಡಲು, ಅಂದರೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು, ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ ‘ಹುಬ್ಬಳ್ಳಿಯೋ ಧಾರವಾಡವೋ’ ಎಂಬ ಹಳೆಯ ಹರಟೆಗೆ ಈಗ ಒಂದು ಹೊಸ ತೂಕ ಬಂದಿದೆ.

ಬಿರುದುಗಳ ಒಳಗೆ ಹಣಿಕಿ ಹಾಕಿದರೆ

ಧಾರವಾಡಕ್ಕೆ ‘ವಿದ್ಯಾಕಾಶಿ’ ಎಂಬ ಬಿರುದು. ಹುಬ್ಬಳ್ಳಿಗೆ ‘ವಾಣಿಜ್ಯ ನಗರಿ’. ಉತ್ಸಾಹ ಹೆಚ್ಚಾದಾಗ ‘ಛೋಟಾ ಮುಂಬೈ’. ಧಾರವಾಡದಲ್ಲಿ ಕಣ್ಣು ಮುಚ್ಚಿ ಕಲ್ಲು ಒಗೆದರೆ ಅದು ಯಾವುದಾದರೂ ಕವಿಯ ಮನೆಯ ಹೆಂಚಿನ ಮೇಲೆಯೇ ಬೀಳುತ್ತದೆ ಎಂಬ ಹಳೆಯ ಮಾತಿದೆ. ಹುಬ್ಬಳ್ಳಿಯಲ್ಲಿ ಒಗೆದರೆ ಅಂಗಡಿಯ ಮೇಲೆ ಬೀಳುತ್ತದೆ, ಅಂಗಡಿಕಾರ ಆ ಕಲ್ಲನ್ನೂ ಮಾರಿ ದುಡ್ಡು ಮಾಡುತ್ತಾನೆ ಎಂದು ಮುಂದಿನ ಸಾಲು ಸೇರಿಸಿದವರು ಧಾರವಾಡದವರೇ ಇರಬೇಕು!

ಬಿರುದುಗಳಿಗೆ ಆಧಾರವಿಲ್ಲದೆ ಇಲ್ಲ. ಇಂಗ್ಲಿಷರು ಜಿಲ್ಲೆಯ ಕಲೆಕ್ಟರ್ ಕಚೇರಿಯನ್ನು ಧಾರವಾಡದಲ್ಲಿ ಇಟ್ಟರು. ಅದರ ಹಿಂದೆಯೇ ಕೋರ್ಟು, ಟ್ರೇನಿಂಗ್ ಕಾಲೇಜು, ವಕೀಲರು, ಮಾಸ್ತರರು ಬಂದರು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಇಲ್ಲಿ. 1917ರಲ್ಲಿ ಕರ್ನಾಟಕ ಕಾಲೇಜು, ಸ್ವಾತಂತ್ರ್ಯದ ಬೆನ್ನಿಗೇ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. 1933ರಲ್ಲಿ ಜಿ.ಬಿ. ಜೋಶಿಯವರು ಹುಟ್ಟುಹಾಕಿದ ಈ ಪ್ರಕಾಶನದ ಕಚೇರಿಗೆ ಕನ್ನಡದ ದೊಡ್ಡ ದೊಡ್ಡ ಲೇಖಕರೆಲ್ಲ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋಗಿದ್ದಾರೆ. ಇತ್ತ ಹುಬ್ಬಳ್ಳಿ ಹತ್ತಿಯ ಪೇಟೆ. ನೇಕಾರರ, ವರ್ತಕರ ಊರು. 1880ರ ದಶಕದಲ್ಲಿ ರೈಲು ಬಂತು, ರೈಲ್ವೆ ವರ್ಕ್‌ಶಾಪ್ ಬಂತು, ಸೈರನ್ನಿಗೆ ಏಳುವ ಮಲಗುವ ಕಾರ್ಮಿಕರ ಊರೂ ಆಯಿತು.

ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಭಾಗಾಕಾರ ಅಷ್ಟು ಸರಳವಲ್ಲ. ಕರ್ನಾಟಕ ಕಾಲೇಜಿನ ಆ ಭವ್ಯ ಕಲ್ಲಿನ ಕಟ್ಟಡವನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿದ್ದು ವಿದ್ಯೆಗಾಗಿ ಅಲ್ಲ, ರೈಲಿಗಾಗಿ! ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಅಲ್ಲಿ. ಕಂಪನಿಯ ಕಚೇರಿ ಹೋಯಿತು, ಕಾಲೇಜು ಬಂತು. ರೈಲಿನ ದೊಡ್ಡ ಕಚೇರಿ ಈ ಭಾಗಕ್ಕೆ ಮರಳಿ ಬಂದದ್ದು 2003ರಲ್ಲಿ, ನೈಋತ್ಯ ರೈಲ್ವೆ ವಲಯವಾಗಿ. ಬಂದದ್ದು ಹುಬ್ಬಳ್ಳಿಗೆ. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದವೆನಿಸಿದ ಪ್ಲಾಟ್‌ಫಾರ್ಮನ್ನು 2023ರ ಮಾರ್ಚ್‌ನಲ್ಲಿ ಉದ್ಘಾಟಿಸಿದ್ದೂ ಹುಬ್ಬಳ್ಳಿಯಲ್ಲೇ. ಹಾಗೆಂದು ಕಾರ್ಖಾನೆಗಳೆಲ್ಲ ಹುಬ್ಬಳ್ಳಿಯ ಪಾಲಾದವೇ? ಅದೂ ಇಲ್ಲ. ಟಾಟಾ ಮಾರ್ಕೊಪೊಲೊ ಬಸ್ಸುಗಳು ತಯಾರಾಗುವುದು ಧಾರವಾಡದ ಆಚೆಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಡೆ. ಬೆಳಿಗ್ಗೆ ಕಂಪನಿ ಬಸ್ಸುಗಳಲ್ಲಿ ಹುಬ್ಬಳ್ಳಿಯಿಂದ ಧಾರವಾಡ ದಾಟಿ ದುಡಿಯಲು ಹೋಗುವವರಿದ್ದಾರೆ. ಇಂಜಿನಿಯರಿಂಗ್ ಓದಲು ಮೊದಲಿನಿಂದಲೂ ಹೆಸರಾದ, 1947ರಲ್ಲಿ ಶುರುವಾದ ಬಿ.ವಿ.ಬಿ. ಕಾಲೇಜು ಇರುವುದು ‘ವಿದ್ಯಾಕಾಶಿ’ಯಲ್ಲಲ್ಲ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ.

ಸಂಗೀತವಾದರೂ ಧಾರವಾಡದ್ದು ಎನ್ನೋಣವೆಂದರೆ ಗಂಗೂಬಾಯಿ ಹಾನಗಲ್ ಅಡ್ಡ ಬರುತ್ತಾರೆ. 1913ರಲ್ಲಿ ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ಮಗಳ ಕಲಿಕೆಗೆಂದು ಕುಟುಂಬ ಹುಬ್ಬಳ್ಳಿಗೆ ಬಂತು. ಅಲ್ಲಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿಗೆ ಪಾಠ. ಬದುಕಿ ಬಾಳಿ 2009ರಲ್ಲಿ ಕಣ್ಣು ಮುಚ್ಚಿದ್ದು ಹುಬ್ಬಳ್ಳಿಯಲ್ಲಿ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು. ಇವರ ಗಾಯನ ಕೇಳಲು ಆ ಊರಿನವರು ಈ ಊರಿಗೆ, ಈ ಊರಿನವರು ಆ ಊರಿಗೆ ಹೋಗಿಬಂದರು. ಸಂಗೀತಕ್ಕೆ ಪಾಲಿಕೆಯ ವಾರ್ಡು ಇರಲಿಲ್ಲ.

ಶಾಂತಿಯ ಮಾತಿಗೂ ಹೀಗೆಯೇ. ಹುಬ್ಬಳ್ಳಿ ಎಂದರೆ ಗಲಾಟೆಯ ಊರು ಎಂಬ ಅಭಿಪ್ರಾಯಕ್ಕೆ ಈದ್ಗಾ ಮೈದಾನದ ವಿವಾದ ಕಾರಣ. 1994ರ ಆಗಸ್ಟ್ 15ರಂದು ಗೋಲಿಬಾರಾಗಿ ಜೀವಗಳು ಹೋದವು, ಕರ್ಫ್ಯೂ ಕಂಡವರು ಅದನ್ನಿನ್ನೂ ಮರೆತಿಲ್ಲ. ಆದರೆ 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದದ್ದು ಧಾರವಾಡದ ಕಲ್ಯಾಣನಗರದಲ್ಲಿ. ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಚಹಾ ಕೊಡುವ ಪ್ರಾಧ್ಯಾಪಕರ ಬಡಾವಣೆ ಅದು. ‘ನಮ್ಮ ಊರು ತಣ್ಣಗ’ ಎಂಬ ಮಾತನ್ನು ಧಾರವಾಡದವರು ಆಮೇಲೆ ಮೊದಲಿನಷ್ಟು ಸಲೀಸಾಗಿ ಆಡಿದ್ದು ನಾನು ಕೇಳಿಲ್ಲ.

ಎರಿ, ಮಸಾರಿ

ಮನೆ ಕಟ್ಟುವವರಿಗೆ ಬಿರುದುಗಳಿಗಿಂತ ಮಣ್ಣು ಮುಖ್ಯ. ಧಾರವಾಡ ಮಲೆನಾಡಿನ ಸೆರಗು. ಪಶ್ಚಿಮಕ್ಕೆ ಹೊರಟರೆ ಸ್ವಲ್ಪದರಲ್ಲೇ ಹಳಿಯಾಳ, ದಾಂಡೇಲಿಯ ಕಾಡು. ಏರು ತಗ್ಗಿನ ಊರು, ಹೆಚ್ಚಿನ ಕಡೆ ಕೆಂಪು ಮಸಾರಿ ನೆಲ. ಶಾಲ್ಮಲೆ ಇಲ್ಲಿಯೇ ಸೋಮೇಶ್ವರದ ಬಳಿ ಹುಟ್ಟಿ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತಾಳೆ. ಊರಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯ ಪಾಲು. ಜೂನ್ ಬಂತೆಂದರೆ ಜಿಟಿಜಿಟಿ ಮಳೆ. ಹಾಕಿದ ಅರಿವೆ ಎರಡು ದಿನವಾದರೂ ಒಣಗದು. ಬೇಂದ್ರೆಯವರ ಸಾಧನಕೇರಿಯನ್ನು ಮಳೆಗಾಲದಲ್ಲಿ ನೋಡಿದವರಿಗೆ ಈ ಊರಿನ ಮೇಲೆ ಮೋಹ ಹುಟ್ಟದೆ ಇರದು.

ಹುಬ್ಬಳ್ಳಿ ತಗ್ಗಿನಲ್ಲಿದೆ, ಬಯಲಿಗೆ ಮುಖ ಮಾಡಿದೆ. ಪೂರ್ವಕ್ಕೆ ಗದಗ, ಅಣ್ಣಿಗೇರಿಯ ಕಡೆ ಹೊರಟರೆ ಎರಿ ಭೂಮಿಯೇ ಎರಿ ಭೂಮಿ. ಹತ್ತಿ, ಕಡಲೆ, ಮೆಣಸಿನಕಾಯಿಗೆ ಆ ಮಣ್ಣು ಬಂಗಾರ. ಮನೆಯ ಪಾಯಕ್ಕೆ ಮಾತ್ರ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಗ್ಗ ಸಿಕ್ಕಿತೆಂದು ಎರಿ ಹೊಲದ ಲೇಔಟಿನಲ್ಲಿ ಪ್ಲಾಟು ಹಿಡಿದು, ಪಾಯವನ್ನು ಆಳಕ್ಕೆ ಒಯ್ಯದೆ ಕಟ್ಟಿದರೆ ಗೋಡೆಯಲ್ಲಿ ಮೂರನೇ ವರ್ಷಕ್ಕೆ ಸೀಳು ಕಾಣಿಸಿಕೊಂಡೀತು. ಪ್ಲಾಟಿನ ದರದಲ್ಲಿ ಉಳಿಸಿದ್ದು ಪಾಯದಲ್ಲಿ ಹೋಗುತ್ತದೆ. ಈ ಲೆಕ್ಕವನ್ನು ಏಜೆಂಟರು ಹೇಳುವುದಿಲ್ಲ. ಅನುಭವಸ್ಥ ಗೌಂಡಿಯನ್ನು ಕರೆದೊಯ್ದು ಒಂದು ಗುಂಡಿ ತೋಡಿಸಿ ನೋಡಿದರೆ ಸಾಕು.

ಧೂಳಿನ ವಿಷಯದಲ್ಲಿ ಮಾತ್ರ ಎರಡೂ ಊರುಗಳಿಗೆ ಸಮಪಾಲು. ಒಳಚರಂಡಿ, ನೀರಿನ ಪೈಪು, ಮೇಲ್ಸೇತುವೆ ಎಂದು ಅಗೆದದ್ದನ್ನೇ ಅಗೆದು ‘ಧೂಳವಾಡ’ ಎಂಬ ಅಡ್ಡಹೆಸರನ್ನು ಗಳಿಸಿಕೊಟ್ಟಿದ್ದಾರೆ. ಹುಬ್ಬಳ್ಳಿಗೆ ಅಂಥ ಶ್ಲೇಷೆ ಸಿಗದಿರುವುದು ಅಲ್ಲಿ ಕವಿಗಳು ಕಡಿಮೆ ಎಂಬ ಕಾರಣಕ್ಕೇ ಹೊರತು ಧೂಳು ಕಡಿಮೆ ಎಂದಲ್ಲ.

ನಳ ಬರುವ ದಿನ

ಈ ಎರಡು ಊರುಗಳಲ್ಲಿ ಸಂಬಂಧ ಬೆಳೆಸಲು ಹೋದ ಹಿರಿಯರು ಹುಡುಗನ ಸಂಬಳ ಕೇಳಿದ ಮೇಲೆ ಕೇಳುತ್ತಿದ್ದ ಎರಡನೆಯ ಪ್ರಶ್ನೆ, "ನಿಮ್ಮ ಕಡೆ ನಳ ಎಷ್ಟು ದಿವಸಕ್ಕೊಮ್ಮೆ ಬರತಾವ್ರೀ?" ನಗೆಚಾಟಿಕೆಯಲ್ಲ, ಹೆಣ್ಣುಮಕ್ಕಳ ಬದುಕಿನ ಪ್ರಶ್ನೆ. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ನಳ ಬರುವ ದಿನ ಮನೆಯಲ್ಲಿ ಒಬ್ಬರು ಊರು ಬಿಟ್ಟು ಹೋಗುವಂತಿಲ್ಲ. ಮದುವೆ, ತಿಥಿ, ಪರೀಕ್ಷೆ ಯಾವುದೇ ಇರಲಿ, ಹಂಡೆ, ಕೊಡ, ಬ್ಯಾರಲ್ಲು, ಕೊನೆಗೆ ಚರಿಗೆ ಕೂಡ ತುಂಬಲೇಬೇಕು. ಹಳೆಯ ಮನೆಗಳ ನೆಲದಡಿಯ ಟಾಕಿಗಳ ಗಾತ್ರ ನೋಡಿದರೆ ಸಾಕು, ಇಲ್ಲಿನವರು ನೀರಿಗೆ ಎಷ್ಟು ಹೆದರಿದ್ದಾರೆಂದು ತಿಳಿಯುತ್ತದೆ.

ಎರಡು ಊರಿಗೂ ಮುಖ್ಯ ಆಸರೆ ಮಲಪ್ರಭೆ. ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರದಿಂದ ನೀರೆತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿ ಊರಿಗೆ ಹಾಯಿಸುತ್ತಾರೆ. ಹುಬ್ಬಳ್ಳಿಗೆ ಇನ್ನೊಂದು ಮೂಲವುಂಟು: ಕಲಘಟಗಿ ತಾಲ್ಲೂಕಿನ ನೀರಸಾಗರ. ಹೆಸರು ಸಾಗರ, ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಬತ್ತಿ ಬಿರುಕು ಬಿಟ್ಟದ್ದಿದೆ. ಅಂಥ ವರ್ಷ ಹುಬ್ಬಳ್ಳಿಯ ದಾಹವೂ ಮಲಪ್ರಭೆಯ ಮೇಲೆಯೇ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

2008ರ ಹೊತ್ತಿಗೆ ಒಂದು ಸೋಜಿಗ ನಡೆಯಿತು. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳನ್ನು ಆರಿಸಿ ಇಪ್ಪತ್ತನಾಲ್ಕು ತಾಸೂ ನಳದಲ್ಲಿ ನೀರು ಬಿಟ್ಟರು. ಹೊಸ ಪೈಪು, ಮನೆಮನೆಗೆ ಮೀಟರು. ಮೊದಮೊದಲು ಜನ ನಂಬಲಿಲ್ಲ. ನೀರು ಬರುತ್ತಲೇ ಇದ್ದರೂ ಅಭ್ಯಾಸಬಲದಿಂದ ತುಂಬಿಡುತ್ತಲೇ ಇದ್ದರು. ವಿದೇಶಿ ಸಂಶೋಧಕರು ಬಂದು ಈ ವಾರ್ಡುಗಳನ್ನೂ ಪಕ್ಕದ ವಾರ್ಡುಗಳನ್ನೂ ಹೋಲಿಸಿ ಅಧ್ಯಯನ ಮಾಡಿದರು. ಮುಂದೆ ಯೋಜನೆ ಹಬ್ಬುತ್ತಾ ಹೋಯಿತು, ಆದರೆ ಆಮೆಯ ನಡಿಗೆಯಲ್ಲಿ. ಪರಿಣಾಮ ಏನಾಯಿತೆಂದರೆ, ಎರಡು ಊರುಗಳ ನಡುವೆ ಇದ್ದ ಅಂತರಕ್ಕಿಂತ ಒಂದೇ ಊರಿನ ಎರಡು ಓಣಿಗಳ ನಡುವಿನ ಅಂತರ ದೊಡ್ಡದಾಯಿತು. ಈ ಬದಿಯ ಮನೆಯಲ್ಲಿ ಮಧ್ಯಾಹ್ನ ನಳ ತಿರುವಿದರೆ ನೀರು. ರಸ್ತೆಯ ಆ ಬದಿಯಲ್ಲಿ ಟ್ಯಾಂಕರ್ ಹಾದಿ ಕಾಯುವ ಸಾಲು. ಬಾಡಿಗೆಯಲ್ಲೂ ಆ ವ್ಯತ್ಯಾಸ ಕಂಡಿತು.

ಆದ್ದರಿಂದ ಪ್ಲಾಟು ನೋಡಲು ಬಂದವರು ಊರನ್ನು ಆರಿಸುವ ಮೊದಲು ಓಣಿಯನ್ನು ಆರಿಸಬೇಕು. ಮಾಲೀಕರನ್ನಲ್ಲ, ಎದುರುಮನೆಯ ಅಕ್ಕಾರನ್ನು ಕೇಳಬೇಕು, ಅದೂ ಏಪ್ರಿಲ್ ತಿಂಗಳಲ್ಲಿ.

ಮಾಳಿಗೆ ಮೇಲಿನ ಹುಡುಗರು

‘ನಿವೃತ್ತರ ಸ್ವರ್ಗ’ ಎಂಬ ಧಾರವಾಡದ ಚಿತ್ರ ನಮ್ಮ ಕಣ್ಣಲ್ಲಿ ಹಾಗೇ ಉಳಿದುಬಿಟ್ಟಿದೆ. ಹೆಂಚಿನ ಮನೆ, ಮುಂದೆ ಸಂಪಿಗೆಯ ಗಿಡ, ಮಾಳಮಡ್ಡಿಯ ತಂಪು ಓಣಿ, ಸಂಜೆ ಟೊಪ್ಪಿಗೆ ಹಾಕಿ ವಾಕಿಂಗ್ ಹೊರಟ ಮಾಸ್ತರರು, ವಿದ್ಯಾವರ್ಧಕ ಸಂಘದಲ್ಲೊಂದು ಉಪನ್ಯಾಸ, ಬರುವಾಗ ಲೈನ್ ಬಜಾರಿನ ಠಾಕೂರರ ಅಂಗಡಿ ಮುಂದೆ ಸಾಲಿನಲ್ಲಿ ನಿಂತು ಅರ್ಧ ಕಿಲೋ ಪೇಡೆ. ಆ ಚಿತ್ರ ಸುಳ್ಳಲ್ಲ, ಉಪನ್ಯಾಸಗಳೂ ನಿಂತಿಲ್ಲ, ಪೇಡೆಯ ಸಾಲೂ ಕರಗಿಲ್ಲ. ಆದರೆ ಸಪ್ತಾಪುರ, ಶ್ರೀನಗರ ಸರ್ಕಲ್ ಕಡೆ ಒಮ್ಮೆ ಬೆಳಿಗ್ಗೆ ಅಡ್ಡಾಡಿ ಬನ್ನಿ. ಅಲ್ಲಿರುವುದು ಬೇರೆಯೇ ಧಾರವಾಡ.

ವಿಜಯಪುರ, ರಾಯಚೂರು, ಕೊಪ್ಪಳ, ಯಾದಗಿರಿಯ ಹಳ್ಳಿಗಳಿಂದ ಬಂದ ಸಾವಿರಾರು ಹುಡುಗ ಹುಡುಗಿಯರು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂಬ ಅಕ್ಷರಗಳೇ ಅವರ ಜಪ. ಕೋಚಿಂಗ್ ಕ್ಲಾಸಿನ ಫಲಕಗಳು ವಿದ್ಯುತ್ ಕಂಬದಿಂದ ಕಂಬಕ್ಕೆ. ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಕೂತು ಓದುವ ‘ಲೈಬ್ರರಿ’ಗಳು, ಅಲ್ಲಿ ಪುಸ್ತಕವಿಲ್ಲ, ಕುರ್ಚಿ, ಮೇಜು, ದೀಪ ಮತ್ತು ಮೌನ ಮಾತ್ರ ಬಾಡಿಗೆಗೆ. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ. ಒಂದು ಕೋಣೆಗೆ ಮೂವರು, ನಾಲ್ವರು. ನೇಮಕಾತಿ ಅಧಿಸೂಚನೆ ತಡವಾದಷ್ಟೂ ಅವರ ವಯಸ್ಸು ಏರುತ್ತದೆ, ಊರಿನಿಂದ ಬರುವ ಹಣ ಇಳಿಯುತ್ತದೆ. ತಾಳಲಾರದೆ ಬೀದಿಗಿಳಿದು ಘೋಷಣೆ ಕೂಗಿದ್ದೂ ಇದೆ. ಇವರಿಗೆ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿ ಬಾಡಿಗೆ ಕೊಟ್ಟವರು ಅದೇ ನಿವೃತ್ತ ಮಾಸ್ತರರು! ಪಿಂಚಣಿಗೆ ಅದೊಂದು ಆಸರೆ. ಇಬ್ಬರಿಗೂ ಲಾಭ, ಇಬ್ಬರಿಗೂ ಗೊಣಗಾಟ: "ನೀರು ಭಾಳ ಖರ್ಚ ಮಾಡತಾರ್ರೀ" ಎಂದು ಕೆಳಗಿನವರು, "ನೀರ ಬಿಡೂದಿಲ್ರೀ" ಎಂದು ಮೇಲಿನವರು.

ಧಾರವಾಡದ ಕಿರಾಣಿ ಅಂಗಡಿ, ಝೆರಾಕ್ಸ್ ಅಂಗಡಿ, ಚಹಾದಂಗಡಿಗಳೆಲ್ಲ ಈ ಹುಡುಗರ ಮೇಲೆ ನಿಂತಿವೆ. ಪುಸ್ತಕದ ಊರಿನಲ್ಲಿ ಈಗ ಹೆಚ್ಚು ಮಾರಾಟವಾಗುವುದು ಕವನ ಸಂಕಲನವಲ್ಲ, ಪ್ರಶ್ನೋತ್ತರ ಮಾಲಿಕೆ. ಇದನ್ನು ಅವನತಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ಬಾರಿ ಹಳ್ಳಿ ಬಿಟ್ಟು ಬಂದ ಹುಡುಗಿಯೊಬ್ಬಳು ರಾತ್ರಿ ಒಂಬತ್ತರವರೆಗೆ ಓದಿ ಹೆದರದೆ ನಡೆದು ಕೋಣೆ ಸೇರುವ ಊರು ವಿದ್ಯಾಕಾಶಿ ಎಂಬ ಹೆಸರಿಗೆ ಯೋಗ್ಯವೇ.

ಮುದುಕರಿಗೆ ಯಾವ ಊರು?

ಹಾಗಾದರೆ ನಿವೃತ್ತರು ಎಲ್ಲಿರಬೇಕು? ನನ್ನ ಅಭಿಪ್ರಾಯ ಕೇಳಿದರೆ ಧಾರವಾಡದ ಗೆಳೆಯರು ಸಿಟ್ಟಾಗುತ್ತಾರೆ: ವಯಸ್ಸಾದವರು ಹುಬ್ಬಳ್ಳಿಯಲ್ಲಿರಬೇಕು, ಹರೆಯದವರು ಧಾರವಾಡದಲ್ಲಿ.

ಅರವತ್ತರಲ್ಲಿ ಬೇಕೆನಿಸುವುದು ತಂಪು ಗಾಳಿ. ಎಪ್ಪತ್ತೈದರಲ್ಲಿ ಬೇಕಾಗುವುದು ಡಾಕ್ಟರ್. ಉತ್ತರ ಕರ್ನಾಟಕದ ಬಡವರ ಪಾಲಿನ ದೊಡ್ಡಾಸ್ಪತ್ರೆ, 1957ರಲ್ಲಿ ಶುರುವಾಗಿ ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿಯೇ ಉಳಿದಿರುವ ವೈದ್ಯಕೀಯ ಕಾಲೇಜು, ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಖಾಸಗಿ ನರ್ಸಿಂಗ್ ಹೋಮುಗಳ ಸಾಲೂ ಅದರ ಸುತ್ತಮುತ್ತಲೇ ಬೆಳೆಯಿತು. ಧಾರವಾಡಕ್ಕೆ ಜಿಲ್ಲಾ ಆಸ್ಪತ್ರೆಯಿದೆ. ಹಳೆಯ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಆಗಿ ಬೆಳೆದಿದೆ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಅಪರಾತ್ರಿಯಲ್ಲಿ ಔಷಧಿ ಅಂಗಡಿ, ಆಟೋ, ರೈಲು, ಮಕ್ಕಳು ಹಾರಿ ಬರಲು ವಿಮಾನ ನಿಲ್ದಾಣ ಎಂದರೆ ಹುಬ್ಬಳ್ಳಿಯೇ. ದುರ್ಗದಬೈಲಿನಲ್ಲಿ ರಾತ್ರಿ ಹತ್ತಕ್ಕೂ ಗಿರ್ಮಿಟ್, ಮಿರ್ಚಿ ಬಿಸಿಯಾಗಿ ಸಿಗುತ್ತದೆ ಎಂಬುದನ್ನು ವೈದ್ಯರು ಅನುಕೂಲಗಳ ಪಟ್ಟಿಗೆ ಸೇರಿಸಲಿಕ್ಕಿಲ್ಲ. ಆದರೆ ಮಕ್ಕಳೆಲ್ಲ ದೂರವಾಗಿ ಗಂಡ ಹೆಂಡಿರಿಬ್ಬರೇ ಉಳಿದ ಮನೆಗೆ, ಕೆಳಗಿಳಿದರೆ ದೀಪ, ಜನ, ಮಾತು ಇರುವ ಬೀದಿ ಸಣ್ಣ ಸಂಗತಿಯಲ್ಲ. ಧಾರವಾಡದ ಮೌನ ಜೋಡಿಗೆ ಚೆಂದ, ಒಬ್ಬರೇ ಉಳಿದಾಗ ಭಾರ.

ಹರೆಯದವರಿಗೆ ಕಾಲೇಜು, ಕಾರ್ಖಾನೆ, 2008ರಲ್ಲಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ, ಎಲ್ಲವೂ ಧಾರವಾಡದ ಕಡೆಯೇ. 2023ರ ಜೂನ್‌ನಲ್ಲಿ ವಂದೇ ಭಾರತ್ ರೈಲು ಬಂದಾಗ ಬೆಂಗಳೂರಿನಿಂದ ಹೊರಟು ಕೊನೆಗೊಂಡದ್ದೂ ಧಾರವಾಡದಲ್ಲಿ.

ಇಪ್ಪತ್ತು ಕಿಲೋಮೀಟರಿನ ಬಾಡಿಗೆ

ವಾಸ್ತವದಲ್ಲಿ ಯಾವ ಊರನ್ನು ಆರಿಸಿದರೂ ಇನ್ನೊಂದರ ಋಣ ತಪ್ಪದು. ಮದುವೆಯ ಬಟ್ಟೆಗೆ ಧಾರವಾಡದವರು ಹುಬ್ಬಳ್ಳಿಗೆ, ಡಿ.ಸಿ. ಕಚೇರಿಯ ಕಾಗದಕ್ಕೆ ಹುಬ್ಬಳ್ಳಿಯವರು ಧಾರವಾಡಕ್ಕೆ. ಧಾರವಾಡ ತಣ್ಣಗಿರುವುದು ಅದರ ಸಂತೆ, ಗೋದಾಮು, ಲಾರಿ ಸ್ಟ್ಯಾಂಡುಗಳನ್ನೆಲ್ಲ ಹುಬ್ಬಳ್ಳಿ ಹೊತ್ತುಕೊಂಡಿರುವುದರಿಂದ. ಹುಬ್ಬಳ್ಳಿ ಅಷ್ಟು ನಿಶ್ಚಿಂತೆಯಿಂದ ವ್ಯಾಪಾರ ಮಾಡುತ್ತಿರುವುದು ಕಚೇರಿ, ಕೋರ್ಟು, ವಿಶ್ವವಿದ್ಯಾಲಯಗಳ ಗೊಡವೆಯನ್ನು ಧಾರವಾಡ ನೋಡಿಕೊಂಡಿರುವುದರಿಂದ.

ಹಾಗಾಗಿ ನಡುವಿನ ಇಪ್ಪತ್ತು ಕಿಲೋಮೀಟರೇ ಈ ಊರುಗಳ ಜೀವನಾಡಿ. ಬಹುಕಾಲ ಸರ್ಕಾರಿ ಬಸ್ಸುಗಳ ಜೊತೆಗೆ ಖಾಸಗಿ ‘ಬೇಂದ್ರೆ’ ಬಸ್ಸುಗಳು ಪೈಪೋಟಿಯಿಂದ ಓಡಿದವು. (ಕವಿಯ ಹೆಸರಿನ ಬಸ್ಸಿನಲ್ಲಿ ಜೋತುಬಿದ್ದು ಆಫೀಸಿಗೆ ಹೋಗುವ ಭಾಗ್ಯ ಇನ್ನಾವ 'ಛೋಟಾ ಮುಂಬೈ'ಯಲ್ಲಿ ಸಿಕ್ಕೀತು?) ಆಮೇಲೆ ಬಂದದ್ದು ಬಿಆರ್‌ಟಿಎಸ್. 2018ರಲ್ಲಿ ಓಡಾಟ ಶುರು, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ. ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟವರ ಕಿವಿ ಒಳ್ಳೆಯದು. ಜನರ ನಾಲಿಗೆಯ ಮೇಲೆ ಅದು ಒಂದೇ ದಿನದಲ್ಲಿ ಕೂತಿತು. ತಂಪು ಬಸ್ಸು, ತನ್ನದೇ ಪಥ, ಮುಕ್ಕಾಲು ತಾಸಿನೊಳಗೆ ಊರಿನಿಂದ ಊರಿಗೆ. ಹೊಸತರಲ್ಲಿ ಕುಟುಂಬ ಸಮೇತ ಸುಮ್ಮನೆ ಹೋಗಿಬಂದವರೂ ಇದ್ದರು.

ಬೆಲೆ ಕೊಟ್ಟದ್ದೂ ಕಡಿಮೆಯಲ್ಲ. ರಸ್ತೆ ಬದಿಯ ಹಳೆಯ ಮರಗಳು ಹೋದವು, ಅಂಗಡಿ ಮನೆಗಳು ಹೋದವು. ಧಾರವಾಡದ ಒಳಗೆ ಒಂದಷ್ಟು ದೂರ ಮೀಸಲು ಪಥವೇ ಮಾಯವಾಗಿ ಚಿಗರಿ ದನಗಳ ಹಿಂಡಿನಲ್ಲಿ ಸಿಕ್ಕಿದಂತೆ ನಿಲ್ಲುತ್ತದೆ. ದೊಡ್ಡ ಮಳೆ ಬಂದರೆ ಟೋಲ್ ನಾಕಾ ಬಳಿ ಪಥ ಹೊಳೆಯಾಗುತ್ತದೆ. ವರ್ಷ ಕಳೆದಂತೆ ಬಸ್ಸುಗಳ ಮೈಯೂ ಸೊರಗಿತು. ಇಷ್ಟಾದರೂ ಹೇಳಬೇಕು: ನಿಲ್ದಾಣದಿಂದ ಕಾಲುನಡಿಗೆಯ ದೂರದಲ್ಲಿ ಮನೆ ಇದ್ದವರಿಗೆ ಯಾವ ಊರು ಎಂಬ ಪ್ರಶ್ನೆಯ ಕಾವು ಅರ್ಧಕ್ಕರ್ಧ ಇಳಿಯಿತು.

ಈ ದಾರಿಯ ನಡುವಿನ ಊರುಗಳ ಕಥೆ ಬೇರೆ. ನವನಗರವಂತೂ ಎರಡೂ ಊರುಗಳನ್ನು ಬೆಸೆಯಲೆಂದೇ ರೂಪಿಸಿದ ಬಡಾವಣೆ. ನಗರಾಭಿವೃದ್ಧಿ ಪ್ರಾಧಿಕಾರ, ಪೊಲೀಸ್ ಕಮಿಷನರ್ ಕಚೇರಿ, ಕಾನೂನು ವಿಶ್ವವಿದ್ಯಾಲಯ ಅಲ್ಲಿವೆ. ಅಮರಗೋಳದಲ್ಲಿ ಎಪಿಎಂಸಿಯ ದೊಡ್ಡ ಮಾರುಕಟ್ಟೆ. ಅದರಾಚೆ ನವಲೂರು. ನವಲೂರಿನ ಪೇರಲ ಹಣ್ಣು ತಿಂದವರಿಗೆ ಬೇರೆ ಪೇರಲ ರುಚಿಸದು. ಎರಡೂ ಊರುಗಳು ಕೈ ಚಾಚಿ ಹತ್ತಿರ ಬಂದಂತೆ ಆ ತೋಟಗಳಲ್ಲಿ ಗಿಡದ ಬದಲು ಪ್ಲಾಟಿನ ಕಲ್ಲುಗಳು ಏಳುತ್ತಾ ಬಂದವು. ನಡುವೆ ಉಳಿದಿದ್ದ ಹಸಿರು ಕರಗಿ ಎರಡೂ ಊರುಗಳು ಒಂದಾಗುವ ಹೊತ್ತಿಗೆ ಸರಿಯಾಗಿ ಬೇರ್ಪಡುವ ಮಾತು ಬಂದದ್ದು ವಿಚಿತ್ರ.

ಬೇರೆ ಮನೆಯ ಲೆಕ್ಕ

ಧಾರವಾಡದವರ ದೂರು ಹಳೆಯದು ಮತ್ತು ಸುಳ್ಳಲ್ಲ. ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಸಾಮಾನ್ಯ ಅರ್ಜಿ ದೊಡ್ಡ ಸಾಹೇಬರ ಸಹಿಗೆ ಹೋಗಬೇಕೆಂದರೂ ಬಸ್ಸು ಹತ್ತಬೇಕು. 2016ರಲ್ಲಿ ಅವಳಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಹೆಸರು ಇಬ್ಬರದು, ಕೆಲಸದ ಬಹುಪಾಲು ಹುಬ್ಬಳ್ಳಿಯದು. ಸದಸ್ಯರ ಸಂಖ್ಯೆಯಲ್ಲಿ ಹುಬ್ಬಳ್ಳಿಯದೇ ಮೇಲುಗೈ. ಹೀಗಾಗಿ ಸಾಹಿತಿಗಳು, ವಕೀಲರು, ನಿವೃತ್ತ ಅಧಿಕಾರಿಗಳು ಸೇರಿ ವರ್ಷಗಟ್ಟಲೆ ಮನವಿ, ಧರಣಿ ನಡೆಸಿದರು. ಅವರ ಆಸೆ ಈಡೇರುವ ದಾರಿ ತೆರೆದದ್ದಕ್ಕೆ ಪೇಡೆ ಹಂಚಿದರೆ ತಪ್ಪೇನಿಲ್ಲ.

ಆದರೆ ಬೇರೆ ಮನೆ ಮಾಡಿದ ಮೇಲೆ ಒಲೆಯೂ ಬೇರೆ ಹೂಡಬೇಕು. ಪಾಲಿಕೆಯ ಸ್ವಂತ ಆದಾಯವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಅಂಗಡಿ ಮುಂಗಟ್ಟು, ವಾಣಿಜ್ಯ ಸಂಕೀರ್ಣ ಹೆಚ್ಚಿರುವುದು ಹುಬ್ಬಳ್ಳಿಯಲ್ಲಿ. ಧಾರವಾಡದ ಎಕರೆಗಟ್ಟಲೆ ಜಾಗ ವಿಶ್ವವಿದ್ಯಾಲಯ, ಕಾಲೇಜು, ಸರ್ಕಾರಿ ಕಚೇರಿಗಳದು; ಊರಿಗೆ ಹೆಸರು ತಂದ ಅವು ಪಾಲಿಕೆಯ ಬೊಕ್ಕಸಕ್ಕೆ ಅಂಗಡಿ ಸಾಲುಗಳಂತೆ ಹಣ ತರಲಾರವು. ಏರು ತಗ್ಗಿನ, ಹರಡಿಕೊಂಡ ಊರಿನ ಚರಂಡಿ, ದೀಪ, ಕಸದ ಗಾಡಿಗೆ ಆ ತೆರಿಗೆ ಸಾಕಾಗುವುದೇ? ಸಾಲದಿದ್ದರೆ ಹೊರೆ ಬೀಳುವುದು ಸಪ್ತಾಪುರದ ಮಾಸ್ತರರ ಮನೆಯ ಮೇಲೆ; ಅಲ್ಲಿಂದ ಮಾಳಿಗೆಯ ಮೇಲಿನ ಹುಡುಗರ ಬಾಡಿಗೆಗೆ.

ಹುಬ್ಬಳ್ಳಿಯವರು ‘ಹೋದರೆ ಹೋಗಲಿ, ನಮಗೇನು’ ಎನ್ನುವಂತಿಲ್ಲ. ಅಮ್ಮಿನಭಾವಿಯ ನೀರಿನ ಘಟಕ ಧಾರವಾಡದ ಮಗ್ಗುಲಲ್ಲಿದೆ. ಚಿಗರಿಯ ಪಥ ಎರಡೂ ಪಾಲಿಕೆಗಳ ಮೇಲೆ ಹಾಯುತ್ತದೆ. ಟೋಲ್ ನಾಕಾದ ನೀರು ಬಸಿಯುವ ಗಟಾರು ಯಾರದು, ಖರ್ಚು ಯಾರದು ಎಂದು ಇನ್ನು ಮುಂದೆ ಎರಡು ಕಚೇರಿಗಳ ನಡುವೆ ಪತ್ರ ಓಡಾಡಬೇಕು. ಒಂದು ಮನೆಯಲ್ಲಿದ್ದಾಗ ಜಗಳವಾಡಿಯಾದರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಇನ್ನು ಕರಾರು ಬರೆದುಕೊಳ್ಳಬೇಕು, ಸಂಖ್ಯೆ ಸಮೇತ.

ಆ ಕರಾರಿನಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದ ಕಲಮು ನೀರಿನದು. ನೀರಸಾಗರ ಬತ್ತಿದ ವರ್ಷ ಹುಬ್ಬಳ್ಳಿಗೆ ಮಲಪ್ರಭೆಯಿಂದ ಹೆಚ್ಚಿಗೆ ಎಷ್ಟು ನೀರು ಹೋಗಬೇಕು, ಆಗ ಧಾರವಾಡದ ಯಾವ ಓಣಿಯ ನಳ ಎಷ್ಟು ದಿನ ಮುಂದಕ್ಕೆ ಹೋಗುತ್ತದೆ, ಪಂಪಿನ ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ? ಇಡುಗಂಟು ಕೈಯಲ್ಲಿ ಹಿಡಿದು ಎರಡು ಊರುಗಳ ನಡುವೆ ಚಿಗರಿಯಲ್ಲಿ ಓಡಾಡುತ್ತಿರುವ ಯಜಮಾನರು ಇದಕ್ಕೆ ಉತ್ತರ ಸಿಕ್ಕ ಮೇಲೆ ಪ್ಲಾಟಿನ ಅಡ್ವಾನ್ಸು ಕೊಟ್ಟರೂ ತಡವೇನೂ ಆಗುವುದಿಲ್ಲ.